ಒಂದೇ ಪುಟ, ಹಲವು ನೋಟ

ಮುದ್ರಿತ ಹಾಳೆ ಎಲ್ಲರ ಕೈಯಲ್ಲೂ ಒಂದೇ ರೀತಿ ಕಾಣುತ್ತದೆ. ಜಾಲಪುಟ ಹಾಗಲ್ಲ. ಅದು ಸೂಚನೆಗಳ ಪಟ್ಟಿ; ಅದನ್ನು ಓದಿ ಪರದೆಯ ಮೇಲೆ ಪುಟ ಕಟ್ಟುವುದು ನಿಮ್ಮ ಗಣಕದ ಬ್ರೌಸರ್.

ಪುಟದ ವಿನ್ಯಾಸವನ್ನು ವಿಷಯದಿಂದ ಬೇರ್ಪಡಿಸುವ ಸಿಎಸ್‌ಎಸ್ ನಿಯಮಾವಳಿ 1996ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ನಿಯಮ ಒಂದೇ ಆದರೂ ಪಾಲನೆ ಒಂದೇ ಆಗಲಿಲ್ಲ. ಚೌಕವೊಂದರ ಅಗಲ 200 ಪಿಕ್ಸೆಲ್, ಎಡಬಲಗಳಲ್ಲಿ 10 ಪಿಕ್ಸೆಲ್ ಖಾಲಿ ಜಾಗ, 1 ಪಿಕ್ಸೆಲ್ ಗೆರೆ ಎಂದುಕೊಳ್ಳಿ. ನಿಯಮದಂತೆ ಒಟ್ಟು ಅಗಲ 222. ವಿಂಡೋಸ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 200ರೊಳಗೇ ಅಡಗಿಸುತ್ತಿತ್ತು. ಜಯನಗರದಲ್ಲಿ ಫ್ಲ್ಯಾಟ್ ಹುಡುಕಿದವರಿಗೆ ಈ ಲೆಕ್ಕ ಗೊತ್ತು: ಗೋಡೆ ಬಿಟ್ಟರೆ ಕಾರ್ಪೆಟ್ ಏರಿಯಾ, ಸೇರಿಸಿದರೆ ಬಿಲ್ಟಪ್ ಏರಿಯಾ. ಎಕ್ಸ್‌ಪ್ಲೋರರ್‌ಗೆ ಹೊಂದಿಸಿದ ಪುಟವನ್ನು ನಿಯಮ ಪಾಲಿಸುವ ಬ್ರೌಸರಿನಲ್ಲಿ ತೆರೆದರೆ, ಜಾಗ ಸಾಲದೆ ಪಕ್ಕದ ಅಂಕಣ ಕೆಳಕ್ಕೆ ಜಾರುತ್ತಿತ್ತು. 2001ರ ಆರನೆಯ ಆವೃತ್ತಿ, ಪುಟದ ಮೊದಲ ಸಾಲಿನ ಘೋಷಣೆ ಸರಿಯಿದ್ದರೆ, ನಿಯಮದ ಅಳತೆಗೇ ಬಂತು.

ಇಂಗ್ಲಿಷ್ ಪುಟಗಳಲ್ಲಿ ಕೆಡುತ್ತಿದ್ದುದು ಅಂದ. ಕನ್ನಡ ಪುಟಗಳಲ್ಲಿ ಓದೇ ಕೆಡುತ್ತಿತ್ತು. ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ತಾಣ ಆರಂಭವಾದದ್ದು 1996ರಲ್ಲಿ. ಆ ಕಾಲದ ಕನ್ನಡ ಫಾಂಟುಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸುತ್ತಿದ್ದವು. ಓದುಗರ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು!

ಪುಟದೊಡನೆ ಫಾಂಟನ್ನೂ ಕಳುಹಿಸುವ ಉಪಾಯ 1997ರಲ್ಲಿ ಬಂತು. ಅದರಲ್ಲೂ ಒಡಕು: ನೆಟ್‌ಸ್ಕೇಪ್ 4ಕ್ಕೆ ಪಿಎಫ್‌ಆರ್ ಮಾದರಿಯ ಕಡತ ಬೇಕು, ಎಕ್ಸ್‌ಪ್ಲೋರರ್ 4ಕ್ಕೆ ಇಒಟಿ. ಇಬ್ಬರನ್ನೂ ತಲುಪಬೇಕಾದರೆ ಎರಡನ್ನೂ ಸಿದ್ಧಪಡಿಸಬೇಕಿತ್ತು. 2000ದಲ್ಲಿ ಬಂದ ನೆಟ್‌ಸ್ಕೇಪ್ 6 ಪಿಎಫ್‌ಆರ್ ಅನ್ನೇ ಕೈಬಿಟ್ಟಿತು.

ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಮನೆಮನೆಗೆ ತಂದವು. ಆದರೆ ಜಾಲಪುಟದ ಕಷ್ಟ ನೀಗಿದ್ದು ಯುನಿಕೋಡ್‌ನಿಂದ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಫಾಂಟ್ ಬದಲಾದರೆ ಆಕಾರ ಬದಲಾಗುತ್ತದೆ, ಅಕ್ಷರ ಬದಲಾಗದು. 1991ರಲ್ಲೇ ಈ ಸಂಖ್ಯೆಗಳು ನಿಗದಿಯಾಗಿದ್ದರೂ, ವಿಂಡೋಸ್ ಬಳಕೆದಾರರಿಗೆ ಅವು ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯ ‘ತುಂಗಾ’ ಫಾಂಟಿನೊಡನೆ. ಪುಟದೊಡನೆ ಫಾಂಟ್ ಕಳುಹಿಸಲು ‘ವಾಫ್’ ಎಂಬ ಸಮಾನ ಮಾದರಿ 2012ರಲ್ಲಿ ಅಧಿಕೃತವಾಯಿತು.

ಇಷ್ಟಾದರೂ ಒಂದು ಕೆಲಸ ಉಳಿದಿದೆ. ಜಾರಿದ ಅಂಕಣವನ್ನು ಯಾವಾಗ ಬೇಕಾದರೂ ಸರಿಪಡಿಸಬಹುದು. ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಬರಹಕ್ಕೆ ಆ ಫಾಂಟೇ ಬೀಗದ ಕೈ. ಅದು ಕಳೆದರೆ ಬರಹವೂ ಕಳೆದಂತೆ. ನಿಮ್ಮ ಹಳೆಯ ಸಿ.ಡಿ.ಗಳಲ್ಲಿ ಅಂಥ ಕಡತಗಳಿದ್ದರೆ, ಪರಿವರ್ತಕ ತಂತ್ರಾಂಶಗಳು ದೊರೆಯುತ್ತಿರುವಾಗಲೇ ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ.