ಮುಷ್ಕರದ ಮೇ ತಿಂಗಳಲ್ಲೊಂದು ಮದುವೆ

ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಬೋಧಿಸುತ್ತಿದ್ದ ಅಷ್ಟೂ ವರ್ಷ 1974ರ ರೈಲ್ವೆ ಮುಷ್ಕರವನ್ನು ನಾನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ತುರ್ತುಪರಿಸ್ಥಿತಿಗೆ ಕಾರಣಗಳೇನು ಎಂದು ಕರಿಹಲಗೆಯ ಮೇಲೆ ಬರೆಯುವಾಗ ಗುಜರಾತಿನ ವಿದ್ಯಾರ್ಥಿ ಚಳವಳಿ, ಬಿಹಾರದಲ್ಲಿ ಜಯಪ್ರಕಾಶ ನಾರಾಯಣರ ಆಂದೋಲನ, ಬೆಲೆಯೇರಿಕೆ, ಅಲಹಾಬಾದ್ ಉಚ್ಚ ನ್ಯಾಯಾಲಯದ ತೀರ್ಪು ಇವುಗಳ ನಡುವೆ ಅದಕ್ಕೂ ಒಂದು ಸಾಲು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಗಂಟೆ ಹೊಡೆಯುತ್ತಿತ್ತು. ಆ ಮುಷ್ಕರದ ನಡುವೆಯೇ ಗೆಳೆಯನೊಬ್ಬನ ಮದುವೆಗೆಂದು ನಾನು ಹುಬ್ಬಳ್ಳಿಗೆ ಹೋಗಿಬಂದಿದ್ದೆನೆಂಬುದನ್ನು ತರಗತಿಯಲ್ಲಿ ಎಂದೂ ಹೇಳಿದವನಲ್ಲ. ಪಠ್ಯಕ್ಕೆ ಸಂಬಂಧಿಸಿದ್ದಲ್ಲವೆಂದು ಆಗ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ.

ನಮ್ಮೂರು ಬೀರೂರು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಶಿವಮೊಗ್ಗದ ಕವಲು ಒಡೆಯುವ ಜಂಕ್ಷನ್. ಆಗಿನದು ಮೀಟರ್ ಗೇಜ್ ಹಳಿ, ಉಗಿಯ ಎಂಜಿನ್. 1876–78ರ ಭೀಕರ ಕ್ಷಾಮದ ತರುವಾಯ, ಹಸಿದ ಸೀಮೆಗಳಿಗೆ ಧಾನ್ಯ ಸಾಗಿಸುವ ಹಳಿಗಳು ಬೇಕೆಂಬ ಯೋಚನೆಯಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು. ಆ ಕಂಪನಿಯ ಹಳಿಗಳಿಂದಲೇ ಹುಬ್ಬಳ್ಳಿ ರೈಲ್ವೆಯ ಊರಾಯಿತು. ಧಾನ್ಯಕ್ಕೆಂದು ಬಂದ ಹಳಿ ಸಂಬಂಧಗಳನ್ನೂ ಬೆಳೆಸಿತು. ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿಯೊಳಗೆ ಹೆಣ್ಣು ನೋಡುತ್ತಿದ್ದ ನಮ್ಮ ಕಡೆಯವರು ಹುಬ್ಬಳ್ಳಿ–ಗದಗದವರೆಗೂ ಬೀಗತನ ಮಾಡುವಂತಾದದ್ದು ರೈಲಿನಿಂದ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅಜ್ಜಿಯ ಮಾತನ್ನು ಅಲ್ಲಗಳೆಯುವ ಯಾವ ಪುಸ್ತಕವನ್ನೂ ನಾನು ಓದಿಲ್ಲ.

ಗೆಳೆಯನೆಂದೆನಲ್ಲ, ವಯಸ್ಸಿನಲ್ಲಿ ಅವನು ನನಗಿಂತ ಏಳು ವರ್ಷ ದೊಡ್ಡವನು. ಬಾವಿಯಲ್ಲಿ ಈಜು ಕಲಿಸಿದವನು, ಲೆಕ್ಕ ಹೇಳಿಕೊಟ್ಟವನು, ತಾನು ಓದಿದ ಕಾದಂಬರಿಗಳನ್ನೆಲ್ಲ ನನಗೂ ಓದಿಸಿದವನು. ಅವನ ತಂದೆ ಅಜ್ಜಂಪುರದ ಕಡೆಯ ರೈಲ್ವೆ ಗೇಟಿನಲ್ಲಿ ಗೇಟ್‌ಮನ್. ನಾವೆಲ್ಲ ಅವರನ್ನು ಗೇಟಿನ ಮಾಮ ಎನ್ನುತ್ತಿದ್ದೆವು. ಬೆಳಗಿನ ಬುತ್ತಿ, ಸಂಜೆಯ ಬುತ್ತಿ ಎರಡನ್ನೂ ಹೊತ್ತುಕೊಂಡು ಗೇಟಿಗೆ ಹೋಗುವುದು ಹುಡುಗನಾಗಿದ್ದಾಗ ನನ್ನ ಗೆಳೆಯನ ನಿತ್ಯದ ಕೆಲಸ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ.

ಇಲ್ಲಿ ಸ್ವಲ್ಪ ಮೇಷ್ಟರ ಪಾಠ ಹೇಳಬೇಕಾಗಿದೆ, ಓದುಗರು ಸಹಿಸಿಕೊಳ್ಳಬೇಕು. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ದುಡಿಮೆಯೆಂಬ ಮಾತು ಜಗತ್ತಿನಲ್ಲೆಲ್ಲ ಕೇಳಿಬರುತ್ತಿದ್ದ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಅದರ ಒಪ್ಪಂದವನ್ನು ಅನುಸರಿಸಿ 1930ರಲ್ಲಿ ಭಾರತದ ರೈಲ್ವೆ ಕಾಯಿದೆಗೆ ತಿದ್ದುಪಡಿ ಬಂದು ದುಡಿಮೆಯ ವೇಳೆಯ ನಿಯಮಗಳಾದವು. ಬಿಡುವಿಲ್ಲದೆ ಕೆಲಸ ಮಾಡುವವರಿಗೆ ವಾರಕ್ಕೆ 60 ಗಂಟೆ. ನಡುನಡುವೆ ಕೆಲಸವಿಲ್ಲದೆ ಸುಮ್ಮನೆ ಕುಳಿತಿರುವವರೆಂದು ಗುರುತಿಸಲಾದವರಿಗೆ 84 ಗಂಟೆ. 84ನ್ನು ಏಳರಿಂದ ಭಾಗಿಸಿ ನೋಡಿ: ದಿನಕ್ಕೆ ಹನ್ನೆರಡು ಗಂಟೆಯಂತೆ ಏಳೂ ದಿನ! ಸ್ವಾತಂತ್ರ್ಯದ ಹೊತ್ತಿಗೆ ನ್ಯಾಯಮೂರ್ತಿ ರಾಜಾಧ್ಯಕ್ಷರ ತೀರ್ಪಿನಿಂದ ಇವು 54 ಮತ್ತು 75ಕ್ಕೆ ಇಳಿದವು. ಇವೆರಡರ ಲೆಕ್ಕಕ್ಕೂ ಸಿಗದೆ ಹೊರಗುಳಿದವರ ವರ್ಗವೊಂದು ಬೇರೆ ಇತ್ತು. ಎರಡು ಗಾಡಿಗಳ ನಡುವೆ ಗೇಟ್‌ಮನ್ನನಿಗೇನು ಕೆಲಸ ಎಂಬುದು ನಿಯಮ ಮಾಡಿದವರ ತರ್ಕ. ಆದರೆ ಕೆಲಸವಿಲ್ಲದ ಆ ಹೊತ್ತಿನಲ್ಲಿ ಆತ ಮನೆಗೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ, ಕಣ್ಣು ಮುಚ್ಚುವಂತೂ ಇಲ್ಲ. ಸುಮ್ಮನಿರುವುದೂ ಒಂದು ದುಡಿಮೆಯೆಂದು ಕಾಗದದ ಮೇಲೆ ತೋರಿಸುವುದು ಹೇಗೆ? ಉಗಿಯ ಎಂಜಿನ್ನಿನ ಬೆಂಕಿಯೆದುರು ನಿಲ್ಲುವ ಚಾಲಕರ, ಫೈರ್‌ಮನ್ನರ ಪಾಡು ಇದಕ್ಕಿಂತ ಕಠಿಣ. 1973ರಲ್ಲಿ ಅವರು ಮುಷ್ಕರ ಹೂಡಿದ ಮೇಲೆ ಹತ್ತು ಗಂಟೆಯ ಮಿತಿಯ ಭರವಸೆ ದೊರೆಯಿತು. ಆ ಭರವಸೆಯ ಬಗ್ಗೆ ಅಸಮಾಧಾನವೂ ಜೊತೆಯಲ್ಲೇ ಬೆಳೆಯಿತು.

ಆ ವರ್ಷವೇ ತೈಲದ ಬೆಲೆ ಜಗತ್ತಿನಾದ್ಯಂತ ಏರಿತು. ಅಕ್ಕಿ, ಎಣ್ಣೆ, ಸೀಮೆಎಣ್ಣೆ ಎಲ್ಲಕ್ಕೂ ಬರ. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟಕ್ಕೆ ಅಧ್ಯಕ್ಷರಾಗಿ ಬಂದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್. ಬೋನಸ್ಸು, ಸಾರ್ವಜನಿಕ ಉದ್ದಿಮೆಗಳವರಿಗೆ ಸಮನಾದ ಸಂಬಳ, ಎಂಟು ಗಂಟೆಯ ದುಡಿಮೆ ಇವು ಮುಖ್ಯ ಬೇಡಿಕೆಗಳು. ಮಾತುಕತೆ ನಡೆಯುತ್ತಿರುವಾಗಲೇ, ಮೇ 2ರಂದು ಲಖನೌದಲ್ಲಿ ಫರ್ನಾಂಡಿಸ್ ಬಂಧಿತರಾದರು. ಮೇ 8ರಂದು ಮುಷ್ಕರ ಆರಂಭವಾಯಿತು. ಸುಮಾರು 17 ಲಕ್ಷ ನೌಕರರ ಹೆಸರಿನಲ್ಲಿ ನಡೆದ, ಇಪ್ಪತ್ತು ದಿನಗಳ ಮುಷ್ಕರವದು. ಸರ್ಕಾರ ಭಾರತ ರಕ್ಷಣಾ ನಿಯಮಗಳನ್ನು ಪ್ರಯೋಗಿಸಿತು. ಸಾವಿರಾರು ಜನ ಸೆರೆಮನೆ ಸೇರಿದರು. ಅನೇಕ ಕಡೆ ರೈಲ್ವೆ ವಸತಿಗಳಿಂದ ಹೆಂಡತಿ ಮಕ್ಕಳನ್ನು ಹೊರಹಾಕಿದ್ದೂ ಉಂಟು.

ನನ್ನ ಗೆಳೆಯ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರನಾಗಿದ್ದ. ಮುಷ್ಕರದಲ್ಲಿ ಅವನೂ ಇದ್ದ. ಮದುವೆ ಮೇ 23, ಗುರುವಾರ. ವೈಶಾಖ ಕಳೆದು ಜ್ಯೇಷ್ಠ ಹಿಡಿದಿತ್ತು. ಸಂವತ್ಸರದ ಹೆಸರು ಆನಂದ! ಲಗ್ನಪತ್ರಿಕೆ ಏಪ್ರಿಲ್ಲಿನಲ್ಲೇ ಅಚ್ಚಾಗಿ ಹಂಚಿಯೂ ಆಗಿತ್ತು. ಅವನ ತಾಯಿ ಮತ್ತು ತಂಗಿಯರು ಗಾಡಿಗಳು ನಿಲ್ಲುವ ಮೊದಲೇ ಹುಬ್ಬಳ್ಳಿ ಸೇರಿಕೊಂಡಿದ್ದರು. ಗೇಟಿನ ಮಾಮ ಮಾತ್ರ ಬೀರೂರಿನಲ್ಲೇ ಉಳಿದರು. ಅವರು ಮುಷ್ಕರಕ್ಕೆ ಇಳಿದಿರಲಿಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು. ಯಾರಿಗೂ ರಜೆಯಿಲ್ಲವೆಂದು ಆಜ್ಞೆಯಾಗಿತ್ತು. ಎಲ್ಲ ಗಾಡಿಗಳೂ ನಿಂತಿರಲಿಲ್ಲವೆಂಬುದನ್ನು ಇಂದಿನವರು ತಿಳಿಯಬೇಕು. ಇದ್ದಷ್ಟು ಸಿಬ್ಬಂದಿಯಿಂದ ಕಲ್ಲಿದ್ದಲು, ಧಾನ್ಯದ ಗಾಡಿಗಳನ್ನು ಓಡಿಸಲು ಸರ್ಕಾರ ಹೆಣಗುತ್ತಿತ್ತು. ದಿನಕ್ಕೆ ಒಂದೋ ಎರಡೋ, ವೇಳಾಪಟ್ಟಿಯಿಲ್ಲದೆ ಬರುತ್ತಿದ್ದವು. ಗಾಡಿಗಳು ಕಡಿಮೆಯಾದಷ್ಟೂ ಗೇಟು ಕಾಯುವುದು ಹೆಚ್ಚಾಯಿತು.

ಮೇ 20ರ ಸಂಜೆ ಮಾಮ ನಮ್ಮ ಮನೆಗೆ ಒಂದು ಬಟ್ಟೆಯ ಗಂಟು ಕಳುಹಿಸಿ ನನ್ನನ್ನು ಗೇಟಿನ ಬಳಿಗೆ ಕರೆಸಿದರು. ಗಂಟಿನಲ್ಲಿ ಮಗನಿಗೆ ಜರಿಯಂಚಿನ ಪಂಚೆ, ಶಲ್ಯ, ಮನೆದೇವರ ಕುಂಕುಮ, ನೂರೊಂದು ರೂಪಾಯಿ. ಪಿ.ಯು.ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಹದಿನೇಳರ ಹುಡುಗನಾದ ನಾನು ಹೇಗೂ ಹೊರಟಿದ್ದವನೇ. ಎರಡು ದಿನ ಹುಬ್ಬಳ್ಳಿ ನೋಡಿಕೊಂಡು ಬರುವ ಆಸೆ ಮದುವೆಯ ಆಸೆಗಿಂತ ದೊಡ್ಡದಿತ್ತೆಂದು ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ. ಹೊರಡುವಾಗ ಮಾಮ ಹೇಳಿದ ಮಾತು ಒಂದೇ: "ಸ್ಟ್ರೈಕಿನ ವಿಷಯ ನಾನೇನೂ ಕೇಳಲಿಲ್ಲ ಅಂತ ಅವನಿಗೆ ಹೇಳಪ್ಪ."

ರೈಲಿನಲ್ಲಾದರೆ ಬೀರೂರಿನಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುವ ದಾರಿ. ಅಜ್ಜಂಪುರ, ಶಿವಾನಿ, ಚಿಕ್ಕಜಾಜೂರು, ದಾವಣಗೆರೆ, ಹರಿಹರ ಎಂದು ನಿಲ್ದಾಣಗಳ ಹೆಸರನ್ನು ಮಗ್ಗಿಯಂತೆ ಹೇಳಬಲ್ಲವನಾಗಿದ್ದೆ. ಆದರೆ ಬಸ್ಸಿನ ದಾರಿ ಬೇರೆಯೇ. ತರೀಕೆರೆ, ಭದ್ರಾವತಿಯ ಮೇಲೆ ಶಿವಮೊಗ್ಗ; ಅಲ್ಲಿ ಅರ್ಧ ದಿನ ಕಾದು ಹೊನ್ನಾಳಿಯ ಮೇಲೆ ಹರಿಹರ. ರೈಲಿನ ಜನವೆಲ್ಲ ಬಸ್ಸಿಗೆ ಬಿದ್ದಿದ್ದರು. ಬಸ್ಸಿನ ಮೇಲ್ಭಾಗದಲ್ಲಿ ಮಾವಿನ ಬುಟ್ಟಿಗಳೊಂದಿಗೆ ಮನುಷ್ಯರೂ ಕುಳಿತಿದ್ದರು. ಮೂರು ದಿನದ ಹಿಂದೆ, ಮೇ 18ರಂದು, ಪೋಖ್ರಾನಿನಲ್ಲಿ ದೇಶದ ಮೊದಲ ಅಣುಸ್ಫೋಟ ನಡೆದ ಸುದ್ದಿಯನ್ನು ಎಲ್ಲರೂ ರೇಡಿಯೋದಲ್ಲಿ ಕೇಳಿದ್ದರು. ಹೊನ್ನಾಳಿಯಲ್ಲಿ ಹತ್ತಿದ ಮುದುಕರೊಬ್ಬರು, ಅಣುಬಾಂಬು ಸಿಡಿಸಿದವರಿಗೆ ಒಂದು ಪ್ಯಾಸೆಂಜರ್ ಗಾಡಿ ಬಿಡಲಾಗಲಿಲ್ಲವೇ ಎಂದು ಕಂಡಕ್ಟರನನ್ನೇ ಕೇಳಿದರು. ಕಂಡಕ್ಟರ್ ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ. ಬಸ್ಸಿನಲ್ಲಿ ಹೆಚ್ಚಿನವರು ಮುಷ್ಕರದವರನ್ನು ಬೈಯುತ್ತಿದ್ದರು. ಗಂಟನ್ನು ತೊಡೆಯ ಮೇಲಿಟ್ಟುಕೊಂಡ ನಾನೂ ಮನಸ್ಸಿನಲ್ಲಿ ಬೈಯುತ್ತಿದ್ದೆನೆಂದೇ ನೆನಪು. ರಾತ್ರಿ ಹರಿಹರದ ಬಸ್ ನಿಲ್ದಾಣದಲ್ಲಿ ಮಲಗಿ, ಬೆಳಿಗ್ಗೆ ಮೆಣಸಿನಕಾಯಿ ಚೀಲಗಳ ಲಾರಿಯೊಂದನ್ನೇರಿ, ರಾಣೆಬೆನ್ನೂರು, ಹಾವೇರಿ, ಶಿಗ್ಗಾಂವಿ ದಾಟಿ ಸೀನುತ್ತಲೇ ಹುಬ್ಬಳ್ಳಿ ಸೇರಿದಾಗ 22ರ ಸಂಜೆಯಾಗಿತ್ತು.

"ಗಾಡಿನ ಇಲ್ಲ, ಹೆಂಗ ಬಂದಿಯೋ ತಮ್ಮಾ?" ಎಂದು ಹೆಣ್ಣಿನ ತಂದೆ ಬೆರಗಾದರು. ಬೀಗರ ಕಡೆಯಿಂದ ಬಂದವರು ನನ್ನನ್ನೂ ಸೇರಿಸಿ ಒಂಬತ್ತು ಜನ. ಇನ್ನೂರು ಮಂದಿಗೆಂದು ಬಾಡಿಗೆ ತಂದ ಪಾತ್ರೆಗಳು ಅಂಗಳದಲ್ಲಿ ಬೋರಲು ಬಿದ್ದಿದ್ದವು. ಮದುಮಗ ಎಲ್ಲಿ ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡಲಿಲ್ಲ. ಬಂಧನದ ಭಯದಿಂದ ಮುಷ್ಕರದವರಲ್ಲಿ ಅನೇಕರು ಆ ದಿನಗಳಲ್ಲಿ ರಾತ್ರಿ ಮನೆಯಲ್ಲಿ ಮಲಗುತ್ತಿರಲಿಲ್ಲ. ಅವನು ಬಂದದ್ದು ಮದುವೆಯ ಬೆಳಗಿನ ಜಾವ, ಹಿತ್ತಲ ಬಾಗಿಲಿನಿಂದ. ಗಡ್ಡ ಬೆಳೆದಿತ್ತು. ನಾನು ಗಂಟು ಕೊಟ್ಟು ಮಾಮನ ಮಾತನ್ನು ಒಪ್ಪಿಸಿದೆ. ಅವನು ಪಂಚೆಯ ಮಡಿಕೆ ಬಿಡಿಸಿ ನೋಡಿ, ಮತ್ತೆ ಅದೇ ಮಡಿಕೆಗೆ ಮಡಿಸಿದ. "ಊಟದ ಬುತ್ತಿ ಯಾರು ಒಯ್ತಿದಾರೆ ಈಗ?" ಎಂದು ಕೇಳಿದ. ನಮ್ಮಮ್ಮ ಕಳಿಸುತ್ತಾರೆ ಎಂದೆ.

ಮುಹೂರ್ತಕ್ಕೆ ಅರ್ಧ ಗಂಟೆಯಿದೆ ಎನ್ನುವಾಗ ಸಮವಸ್ತ್ರದ ಪೊಲೀಸಿನವರೊಬ್ಬರು ಚಪ್ಪರದೊಳಗೆ ಕಾಲಿಟ್ಟರು. ಓಲಗ ನಿಂತಿತು. ಮದುಮಗನ ತಾಯಿ ಎದ್ದು ನಿಂತುಬಿಟ್ಟರು. ಆತ ಸುತ್ತಲೂ ನೋಡಿ, ಟೋಪಿ ತೆಗೆದು, "ಡ್ಯೂಟಿ ಮುಗಿಸಿ ಹಂಗ ಬಂದೆ, ಅರಬಿ ಬದಲ್ ಮಾಡಾಕ ಆಗಲಿಲ್ಲ" ಎಂದರು. ಹುಡುಗಿಯ ಸೋದರಮಾವ! ನಗೆ ಎದ್ದಿತು, ಓಲಗ ಮತ್ತೆ ಹತ್ತಿತು. ಆದರೆ ಆ ಕ್ಷಣದ ಮೌನವನ್ನು ನಾನು ಮರೆತಿಲ್ಲ. ತಂದೆ ಕೂರಬೇಕಾದ ಜಾಗದಲ್ಲಿ ಚಿಕ್ಕಪ್ಪ ಕುಳಿತರು. ಒಂಬತ್ತು ಜನರ ಪಾಲಿಗೆ ಅಕ್ಕಿಕಾಳು ಬಹಳವೇ ಇದ್ದವು. ಇಬ್ಬರೂ ಎರಡೆರಡು ಹಿಡಿ ಹಾಕಿರೆಂದು ಹೆಂಗಸರು ನಮಗೆ ಹಂಚಿದರು.

ಮರುದಿನವೇ ಹಿಂದಿರುಗಬೇಕಾಗಿದ್ದವನು ಇನ್ನೂ ಐದು ದಿನ ಉಳಿದೆ. ಬಸ್ಸಿನ ನೂಕುನುಗ್ಗಲಿಗೆ ಹುಡುಗನನ್ನು ಕಳಿಸುವುದು ಬೇಡವೆಂದು ಹಿರಿಯರು ಹೇಳಿದರು. ನನಗೂ ಅದೇ ಬೇಕಾಗಿತ್ತು. ಸಿದ್ಧಾರೂಢ ಮಠ, ಉಣಕಲ್ ಕೆರೆ, ದುರ್ಗದ ಬೈಲಿನ ಮಿರ್ಚಿ, 1970ರಲ್ಲಿ ಇಂದಿರಾ ಗಾಂಧಿಯವರೇ ಬಂದು ಉದ್ಘಾಟಿಸಿದ್ದ ಗಾಜಿನ ಮನೆ ಎಲ್ಲವನ್ನೂ ಕಂಡೆ. ನಿಲ್ದಾಣದ ಕಡೆ ಹೋದಾಗ ಮಾತ್ರ ಊರು ಬೇರೆಯಾಗಿ ಕಾಣುತ್ತಿತ್ತು. ಹೊಗೆಯಿಲ್ಲ, ಕೂಗಿಲ್ಲ. ಹತ್ತಿರದ ಚಹಾದಂಗಡಿಯವನು ಒಲೆ ಹಚ್ಚದೆ ಕುಳಿತಿದ್ದ.

ಮೇ 27ರಂದು ಮುಷ್ಕರವನ್ನು ಹಿಂತೆಗೆದುಕೊಂಡರು. ಬೇಡಿಕೆ ಒಂದೂ ಈಡೇರಿರಲಿಲ್ಲ. ಕೆಲಸದಿಂದ ತೆಗೆದುಹಾಕಿದ ಕಾಗದ ಸಾವಿರಾರು ಜನರಿಗೆ ಬಂದಂತೆ ನನ್ನ ಗೆಳೆಯನಿಗೂ ಬಂದಿತ್ತು. ಮದುವೆಯಾಗಿ ಐದೇ ದಿನ. ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂರು ವರ್ಷ ಅವನು ಸೈಕಲ್ ರಿಪೇರಿಯ ಅಂಗಡಿಯಲ್ಲಿ ದುಡಿದ, ಮನೆಪಾಠ ಹೇಳಿದ. 1977ರಲ್ಲಿ ಜನತಾ ಸರ್ಕಾರ ಬಂದು ಮಧು ದಂಡವತೆ ರೈಲ್ವೆ ಸಚಿವರಾದ ಮೇಲೆ, ತೆಗೆದುಹಾಕಲ್ಪಟ್ಟವರನ್ನು ಹಿಂದಕ್ಕೆ ಕರೆದುಕೊಂಡರು. ಯಾವ ಬೋನಸ್ಸಿಗಾಗಿ ಹೋರಾಟ ನಡೆದಿತ್ತೋ ಅದು ಉತ್ಪಾದಕತೆಗೆ ತಳಕು ಹಾಕಿಕೊಂಡು 1979–80ರಿಂದ ರೈಲ್ವೆ ನೌಕರರಿಗೆ ದೊರೆಯಿತು. ಈಗ ಪ್ರತಿವರ್ಷ ದಸರೆಯ ಹೊತ್ತಿಗೆ ಪತ್ರಿಕೆಯಲ್ಲಿ ಆ ಸುದ್ದಿ ಬಂದಾಗ, 1974 ಸೋತ ಮುಷ್ಕರವೆಂದು ನಾನೇ ಬೋಧಿಸಿದ್ದು ಪೂರ್ತಿ ಸರಿಯೇ ಎಂಬ ಅನುಮಾನ ಬರುತ್ತದೆ.

ನನಗೆ ಗಾಡಿ ಸಿಕ್ಕಿದ್ದು 29ರಂದು. ಗೆಳೆಯ ನಿಲ್ದಾಣದವರೆಗೆ ಬಂದ. ಒಳಗೆ ಬರುವ ಮೊದಲು ಕಿಟಕಿಯಲ್ಲಿ ನಿಂತು ಪ್ಲಾಟ್‌ಫಾರ್ಮ್ ಟಿಕೆಟ್ಟು ಕೊಂಡ. ಆ ಊರಿಗೆ ಬಂದಮೇಲೆ ಅದನ್ನು ಕೊಂಡದ್ದು ಅದೇ ಮೊದಲೆಂದ. ಬುಂದಿಲಾಡಿನ ಡಬ್ಬಿಯನ್ನೂ ಅಕ್ಕಿಕಾಳಿನ ಪೊಟ್ಟಣವನ್ನೂ ಕೈಗಿಟ್ಟು, "ಕಾಗದದ ವಿಷಯ ಅಪ್ಪನಿಗೆ ನಾನೇ ಬರೀತೀನಿ, ನೀನು ಬಾಯಿಬಿಡಬೇಡ" ಎಂದ.

ಅಜ್ಜಂಪುರ ದಾಟಿದ ಮೇಲೆ ನಾನು ಬಾಗಿಲ ಬಳಿ ಬಂದು ನಿಂತೆ. ಬೀರೂರು ಹತ್ತಿರವಾದಂತೆ ಗೇಟು ಕಾಣಿಸಿತು. ಮಾಮ ಹಸಿರು ಬಾವುಟ ಹಿಡಿದು ನಿಂತಿದ್ದರು. ನಾನು ಕೈಬೀಸಿದೆ. ಅವರು ನನ್ನನ್ನು ನೋಡಲಿಲ್ಲ. ಗಾಡಿಯ ಗಾಲಿಗಳನ್ನು, ಒಂದು ಡಬ್ಬಿ ಬಿಡದೆ, ಕೊನೆಯವರೆಗೂ ನೋಡುತ್ತಿದ್ದರು.

ಸಂಜೆ ಬುತ್ತಿಯ ಜೊತೆ ಲಾಡಿನ ಡಬ್ಬಿಯನ್ನೂ ಒಯ್ದೆ. ಧಾರೆಗೆ ಯಾರು ಕುಳಿತರು, ಪಂಚೆಯ ಅಳತೆ ಸರಿಹೋಯಿತೇ, ಹುಡುಗಿ ಹೇಗಿದ್ದಾಳೆ, ಊಟಕ್ಕೆ ಏನೇನಿತ್ತು ಎಂದು ಎಲ್ಲವನ್ನೂ ಕೇಳಿದರು. ಪೊಲೀಸ್ ಸೋದರಮಾವನ ಕತೆಗೆ ನಕ್ಕರು. ಮುಷ್ಕರದ ವಿಷಯ ಕೇಳಲಿಲ್ಲ. ಅರ್ಧ ಲಾಡು ತಿಂದು, ಉಳಿದರ್ಧವನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು, ಗೂಡ್ಸ್ ಬರುವ ಹೊತ್ತಾಯಿತೆಂದು ಗೇಟು ಇಳಿಸಲು ಎದ್ದರು.