ಶಿಲ್ಪ ನೋಡಿ ಬರೆದ ರೇಖಾಚಿತ್ರ

ಶಿಲ್ಪವನ್ನು ಎದುರಿಗಿಟ್ಟುಕೊಂಡು ಕಾಗದದ ಮೇಲೆ ರೇಖೆಗಳಲ್ಲಿ ಬರೆದ ಚಿತ್ರ. ಯೂರೋಪಿನ ಕಲಾವಿದರ ಕಲಿಕೆಯಲ್ಲಿ ಈ ಅಭ್ಯಾಸಕ್ಕೆ ಶತಮಾನಗಳ ಇತಿಹಾಸವಿದೆ. ಇಂಥ ಚಿತ್ರ ಕಂಡಾಗ ಮೂಲವನ್ನು ಎಷ್ಟು ಹೋಲುತ್ತದೆ ಎಂದು ನೋಡುವುದೇ ಹೆಚ್ಚು. ಬರೆದವನು ಎಲ್ಲಿ ನಿಂತಿದ್ದ, ಬೆಳಕು ಎತ್ತಲಿಂದ ಬಿತ್ತು, ಏನನ್ನು ಕೈಬಿಟ್ಟ ಎಂದು ಕೇಳಿದರೆ ಸಿಗುವ ಉತ್ತರ ಇನ್ನೂ ದೊಡ್ಡದು.

ವೆನಿಸ್ಸಿನ ಟಿಂಟೊರೆಟ್ಟೊ (ನಿಧನ 1594) ಇದಕ್ಕೆ ಒಳ್ಳೆಯ ನಿದರ್ಶನ. ಫ್ಲಾರೆನ್ಸಿನ ಮೆಡಿಚಿ ಸಮಾಧಿಗಳಿಗಾಗಿ ಮೈಕೆಲೆಂಜೆಲೊ ಕಡೆದ ‘ಹಗಲು’, ‘ಮುಸ್ಸಂಜೆ’ ಮೂರ್ತಿಗಳನ್ನು ಆತ ಕಪ್ಪು ಬಳಪದಲ್ಲಿ ಮತ್ತೆ ಮತ್ತೆ ಬರೆದ. ಆ ಪೈಕಿ ಕೆಲವು ಚಿತ್ರಗಳ ನೋಟ, ಗೋಡೆಗೆ ಹೊಂದಿಕೊಂಡ ಸಮಾಧಿಯ ಮುಂದೆ ನಿಂತವರಿಗೆ ಸಿಕ್ಕುವಂಥದ್ದಲ್ಲ. ಕೈಯಲ್ಲಿ ಹಿಡಿದು ತಿರುಗಿಸಬಹುದಾದ ಪುಟ್ಟ ಮಾದರಿ ಇದ್ದರಷ್ಟೇ ಅದು ಸಾಧ್ಯ. ಡಾನಿಯೆಲೆ ದ ವೊಲ್ಟೆರಾ ಮಾಡಿದ ಕಿರು ಮಾದರಿಗಳನ್ನು ಟಿಂಟೊರೆಟ್ಟೊ ತರಿಸಿಕೊಂಡು, ದೀಪದ ಬೆಳಕಿನಲ್ಲಿಟ್ಟು ಅಭ್ಯಾಸ ಮಾಡಿದನೆಂದು 17ನೆಯ ಶತಮಾನದ ಜೀವನಚರಿತ್ರೆಕಾರ ರಿಡೋಲ್ಫಿ ಬರೆದಿದ್ದಾನೆ. ಚಿತ್ರಗಳಲ್ಲಿನ ಗಾಢ ನೆರಳು ಆ ಮಾತಿಗೆ ಪೂರಕವಾಗಿಯೇ ಇದೆ.

ಬರೆದ ಸಾಧನವೂ ಕಾಲವನ್ನು ಹೇಳುತ್ತದೆ. ರಿನೈಸಾನ್ಸ್ ಕಾಲದವರ ಕೈಯಲ್ಲಿದ್ದದ್ದು ಬೆಳ್ಳಿಕಡ್ಡಿ, ಲೇಖನಿ, ಕಪ್ಪು ಹಾಗೂ ಕೆಂಪು ಬಳಪ. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬಾರದೆ ಹೋದಾಗ, ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ವಿಧಾನಕ್ಕೆ ನಿಕೊಲಾ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಇಂದಿನ ಪೆನ್ಸಿಲ್ ಬಂದದ್ದು ಆ ದಾರಿಯಲ್ಲಿ.

ಪೆನ್ಸಿಲ್ ಹಿಡಿದು ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತವರಲ್ಲಿ ಪಾಲ್ ಸೆಜಾನ್ ಮುಖ್ಯ. ಮೈಕೆಲೆಂಜೆಲೊನ ‘ಸಾಯುತ್ತಿರುವ ಗುಲಾಮ’ನನ್ನೂ ಬೆನೆಡೆಟ್ಟೊ ದ ಮಯಾನೊ ಕಡೆದ ಫಿಲಿಪ್ಪೊ ಸ್ಟ್ರೋಜಿಯ ಎದೆಮಟ್ಟದ ಮೂರ್ತಿಯನ್ನೂ ಆತ ಬರೆದಿದ್ದಾನೆ. ಅವನ ಅಂಚುರೇಖೆ ಒಂದೇ ಎಳೆಯಲ್ಲಿ ಮುಗಿಯುವುದಿಲ್ಲ. ತುಂಡಾಗುತ್ತದೆ, ಪಕ್ಕದಲ್ಲೇ ಮತ್ತೆ ಹುಟ್ಟುತ್ತದೆ. ಇದನ್ನು ಕೈಯ ಅಳುಕು ಎಂದು ಓದಿದರೆ ತಪ್ಪು. ಮೈ ಎಲ್ಲಿ ಹಿಂದಕ್ಕೆ ತಿರುಗುತ್ತದೆ ಎಂಬುದನ್ನು ಆ ರೇಖೆ ಹುಡುಕುತ್ತಿದೆ. ಅಮೃತಶಿಲೆಯ ನುಣುಪು ಅವನಿಗೆ ಬೇಕಿರಲಿಲ್ಲ.

ಮೂಲದ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಸೆಜಾನ್ ಬಳಿ ಚರ್ಮ ಸುಲಿದ ಮನುಷ್ಯನ ಪ್ಲಾಸ್ಟರ್ ಅಚ್ಚೊಂದಿತ್ತು. ಆಗ ಅದನ್ನು ಮೈಕೆಲೆಂಜೆಲೊನದೆಂದೇ ನಂಬಿದ್ದರು, ಈಗ ಹಾಗೆ ಒಪ್ಪುವುದಿಲ್ಲ. ಆ ಅಚ್ಚನ್ನು ನೋಡಿ ಅವನು ಬರೆದ ಹಾಳೆಗಳನ್ನು ಮೈಕೆಲೆಂಜೆಲೊ ಶಿಲ್ಪದ ಪ್ರತಿಗಳ ಸಾಲಿಗೆ ಸೇರಿಸಲಾಗದು.