ಹಳೇ ಕಂಪ್ಯೂಟರ್‌ಗೆ ಇನ್ನೊಂದು ಸೀರಿಯಲ್ ಪೋರ್ಟ್ ಬೇಕಾ? ದುಡ್ಡು ಕೊಡೋ ಮೊದಲು ಇಷ್ಟು ನೋಡಿ

ಕಂಪ್ಯೂಟರ್ ಹಿಂದೆ ಇರೋದು ಒಂದೇ ಸೀರಿಯಲ್ ಪೋರ್ಟ್. ಅದರಲ್ಲಿ ತೂಕದ ಯಂತ್ರ ಕೂತಿದೆ. ಈಗ ಬಿಲ್ ಪ್ರಿಂಟರ್‌ಗೂ ಅಂಥದ್ದೇ ಪೋರ್ಟ್ ಬೇಕು. ದಿನಸಿ ಅಂಗಡಿ, ಮಂಡಿ, ವೇಬ್ರಿಡ್ಜ್‌ಗಳಲ್ಲಿ ಈ ತಾಪತ್ರಯ ಇದ್ದದ್ದೇ. ಇದಕ್ಕೆ ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ. ಕೊಂಡರೂ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲಿ ಓಡುತ್ತೆ ಅನ್ನೋ ಖಾತ್ರಿ ಇಲ್ಲ.

ಗುರುತು ಹೇಗೆ?
ಎರಡು ಸಾಲಿನಲ್ಲಿ 9 ಪಿನ್ ಇರೋದು ಸೀರಿಯಲ್ ಪೋರ್ಟ್. ಮೂರು ಸಾಲಿನಲ್ಲಿ 15 ತೂತು ಇದ್ದರೆ ಅದು ಮಾನಿಟರ್‌ನದ್ದು.

1. ಮೊದಲು ಒಳಗೆ ನೋಡಿ
ಹಲವು ಹಳೇ ಮದರ್‌ಬೋರ್ಡ್‌ಗಳಲ್ಲಿ ಎರಡನೇ ಪೋರ್ಟ್ ಇದ್ದೇ ಇರುತ್ತೆ, ಹೊರಗೆ ಎಳೆದಿರಲ್ಲ ಅಷ್ಟೇ. ಬೋರ್ಡ್ ಮೇಲೆ ‘ಕಾಮ್ 2’ ಎಂದು ಇಂಗ್ಲಿಷಿನಲ್ಲಿ ಬರೆದ 9 ಪಿನ್‌ನ ಜಾಗ ಹುಡುಕಿ. ಅದಕ್ಕೆ ಪಟ್ಟಿ ಕೇಬಲ್ ಹಾಕಿ, ಬಯೋಸ್‌ನಲ್ಲಿ ಪೋರ್ಟ್ ಆನ್ ಮಾಡಿದರೆ ಸಾಕು. ಈ ಕೇಬಲ್‌ನಲ್ಲಿ ಎರಡು ರೀತಿಯ ವೈರಿಂಗ್ ಇದೆ. ನಿಮ್ಮ ಬೋರ್ಡ್‌ಗೆ ಹೊಂದುವುದನ್ನೇ ಕೇಳಿ ತಗೊಳ್ಳಿ.

2. ಕಾರ್ಡ್ ಹಾಕಿಸುವುದು
ಎರಡು ಅಥವಾ ನಾಲ್ಕು ಪೋರ್ಟ್‌ನ ಕಾರ್ಡ್‌ಗಳು ಸಿಗುತ್ತವೆ. ಹಳೇ ಪಿಸಿಐ ಸ್ಲಾಟ್ ಉದ್ದ, ಸಾಮಾನ್ಯವಾಗಿ ಬಿಳಿ. ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟ್ ಬೇರೆ. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರಲ್ಲ. ಸಣ್ಣ ಕ್ಯಾಬಿನೆಟ್ ಆದರೆ ಗಿಡ್ಡ ಪಟ್ಟಿಯ ಕಾರ್ಡೇ ಬೇಕು. ನಿಮ್ಮ ವಿಂಡೋಸ್‌ಗೆ ಡ್ರೈವರ್ ಇದೆಯಾ ಅಂತ ಮೊದಲೇ ಕೇಳಿ.

ಡಾಸ್ ಕಾಲದ ಸಾಫ್ಟ್‌ವೇರ್‌ಗೆ ಕಾರ್ಡ್‌ನ ಪೋರ್ಟ್ ಕಾಣದೇ ಇರಬಹುದು. ಆಗ ಆ ಸಾಫ್ಟ್‌ವೇರ್ ಬಳಸುವ ಯಂತ್ರವನ್ನು ಮದರ್‌ಬೋರ್ಡ್ ಪೋರ್ಟ್‌ನಲ್ಲೇ ಇಟ್ಟು, ಉಳಿದದ್ದನ್ನು ಕಾರ್ಡ್‌ಗೆ ಹಾಕಿ.

3. ಯುಎಸ್‌ಬಿ ಕನ್ವರ್ಟರ್
ಕ್ಯಾಬಿನೆಟ್ ಬಿಚ್ಚೋ ಗೋಜಿಲ್ಲ. ಆದರೆ ಹಳೇ ಅಥವಾ ನಕಲಿ ಚಿಪ್ ಇದ್ದರೆ ಹೊಸ ವಿಂಡೋಸ್ ಡ್ರೈವರ್ ಅದನ್ನು ಒಪ್ಪಲ್ಲ. ಅಂಗಡಿಯಲ್ಲೇ ಹಾಕಿ ನೋಡಿ, ಬಿಲ್ ಪಡೆಯಿರಿ. ಒಮ್ಮೆ ಹಾಕಿದ ಯುಎಸ್‌ಬಿ ಕಿಂಡಿಯನ್ನು ಬದಲಿಸಬೇಡಿ. ಬದಲಿಸಿದರೆ ಕಾಮ್ ನಂಬರ್ ಬದಲಾಗಿ ತೂಕ ಬಿಲ್‌ಗೆ ಬರೋದು ನಿಂತುಹೋಗಬಹುದು.

ಹಾಕಿದ ಮೇಲೂ ಕೆಲಸ ಮಾಡ್ತಿಲ್ವಾ?
* ಡಿವೈಸ್ ಮ್ಯಾನೇಜರ್‌ನಲ್ಲಿ ‘ಪೋರ್ಟ್ಸ್’ ತೆರೆದು ಕಾಮ್ ನಂಬರ್ ನೋಡಿ. ಸಾಫ್ಟ್‌ವೇರ್‌ನಲ್ಲೂ ಅದೇ ನಂಬರ್ ಇರಬೇಕು. ಕೆಲ ಹಳೇ ಸಾಫ್ಟ್‌ವೇರ್ ಕಾಮ್ 1ರಿಂದ 4ರವರೆಗೆ ಮಾತ್ರ ಒಪ್ಪುತ್ತೆ. ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ನಂಬರ್ ಬದಲಿಸಬಹುದು.
* ಬಾಡ್ ರೇಟ್ ಎರಡೂ ಕಡೆ ಒಂದೇ ಇರಲಿ. 9600 ಸಾಮಾನ್ಯ, ಆದರೂ ಯಂತ್ರದ ಪುಸ್ತಕ ನೋಡಿ.
* ಕೇಬಲ್ ನೇರವೋ, 2 ಮತ್ತು 3ನೇ ಪಿನ್ ಅದಲು ಬದಲಾದದ್ದೋ ಪರೀಕ್ಷಿಸಿ. ಉದ್ದ 15 ಮೀಟರ್ ಒಳಗಿರಲಿ.

ಎಚ್ಚರಿಕೆ
ಕೆಲಸಕ್ಕೆ ಮುನ್ನ ಬಿಲ್ಲಿಂಗ್ ಡೇಟಾ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಈಗಿನ ಸೆಟ್ಟಿಂಗ್‌ಗಳ ಫೋಟೊ ತೆಗೆದಿಡಿ. ಕಾರ್ಡ್ ಹಾಕುವಾಗ ಪ್ಲಗ್ ಕಿತ್ತಿರಲಿ. ತೂಕದ ಯಂತ್ರವನ್ನು ಮಾತ್ರ ಯಾರೂ ಬಿಚ್ಚದಂತೆ ನೋಡಿಕೊಳ್ಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಒಡೆದರೆ ಮತ್ತೆ ಮುದ್ರೆ ಹಾಕಿಸುವವರೆಗೆ ಆ ಯಂತ್ರದಲ್ಲಿ ವ್ಯಾಪಾರ ಮಾಡುವಂತಿಲ್ಲ.